ಹಗುರವೋ, ಕೈಕೊಡದ್ದೋ? ಕಟಾವು ಯಂತ್ರದಿಂದ ಒತ್ತಡದ ಪಾಠ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬಲ ಮತ್ತು ಒತ್ತಡ. ಅವಧಿ: 40 ನಿಮಿಷದ ಎರಡು ತರಗತಿಗಳು.
ಬೋಧನೋಪಕರಣ: ಚೌಕಳಿ ಹಾಳೆ, ಅಳತೆಪಟ್ಟಿ, ಒಂದೇ ತೂಕದ ಎರಡು ಇಟ್ಟಿಗೆ, ತಟ್ಟೆಯಲ್ಲಿ ನೀರು ಹಾಕಿ ಕಲಸಿದ ಎರೆಮಣ್ಣು.

ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ. ಈ ಸೂತ್ರವನ್ನು ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಮೊಳೆಯ ಚೂಪು, ಹಮಾಲಿಯ ತಲೆಯ ಸಿಂಬಿ ಎಂಬ ಉದಾಹರಣೆಗಳನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಸೂತ್ರವನ್ನು ಹಿಡಿದು ಒಂದು ತೀರ್ಮಾನಕ್ಕೆ ಬನ್ನಿ ಎಂದರೆ ತರಗತಿ ಸುಮ್ಮನಾಗುತ್ತದೆ. ಆದ್ದರಿಂದ ಈ ಪಾಠವನ್ನು ಒಂದು ಖರೀದಿಯ ಪ್ರಶ್ನೆಯ ಮೇಲೆ ಕಟ್ಟಲಾಗಿದೆ: ಸಿರುಗುಪ್ಪ ಸೀಮೆಯ ಒಂದು ಕುಟುಂಬ ಸಾಲ ಮಾಡಿ ಭತ್ತ ಕಟಾವು ಯಂತ್ರ ಕೊಳ್ಳಲು ಹೊರಟಿದೆ, ಟೈರಿನ ಗಾಡಿ ತರಬೇಕೋ, ಚೈನ್ ಗಾಡಿ ತರಬೇಕೋ?

ಸಿರುಗುಪ್ಪದ ಮಕ್ಕಳಿಗೆ ಈ ಎರಡನ್ನೂ ವಿವರಿಸಬೇಕಾಗಿಲ್ಲ. ತುಂಗಭದ್ರಾ ಕಾಲುವೆಯ ನೀರು, ಕಪ್ಪು ಎರೆಮಣ್ಣು, ಸೋನಾ ಮಸೂರಿ ಇವುಗಳ ನಡುವೆಯೇ ಬೆಳೆದವರು ಅವರು. ಸುಗ್ಗಿಗೆ ಪಂಜಾಬ್, ತಮಿಳುನಾಡಿನ ನೋಂದಣಿ ಫಲಕದ ಯಂತ್ರಗಳು ಊರೊಳಗೆ ಬರುವುದನ್ನು ಕಂಡಿರುತ್ತಾರೆ. ಎರೆಮಣ್ಣು ನೀರು ಕುಡಿದರೆ ಉಬ್ಬಿ ರೊಜ್ಜಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನವೆಂಬರಿನಲ್ಲಿ ಮಳೆ ತಂದರೆ ಕಟಾವಿಗೆ ಬಂದ ಭತ್ತ ನೆಲಕ್ಕೆ ಮಲಗುತ್ತದೆ. 2021ರ ನವೆಂಬರಿನಲ್ಲಿ ಹಾಗೆಯೇ ಆಯಿತು. ಮಲಗಿದ ಭತ್ತ ನಾಲ್ಕು ದಿನ ನೀರಿನಲ್ಲಿದ್ದರೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಯಂತ್ರ ಹೂತುಹೋದರೂ ನಷ್ಟ, ಕೆಟ್ಟು ನಿಂತರೂ ನಷ್ಟ. ಪ್ರಶ್ನೆಗೆ ತೂಕ ಬರುವುದು ಇಲ್ಲಿಂದಲೇ.

ಮೊದಲ ಅವಧಿ: ಹಗುರ ಎಂದರೇನು?

ಕಲಸಿದ ಮಣ್ಣಿನ ಮೇಲೆ ಒಂದು ಇಟ್ಟಿಗೆಯನ್ನು ಅಗಲವಾಗಿಯೂ ಇನ್ನೊಂದನ್ನು ನೆಟ್ಟಗೂ ನಿಲ್ಲಿಸಿರಿ. ತೂಕ ಒಂದೇ, ಇಳಿದ ಆಳ ಬೇರೆ. ಇದಕ್ಕೆ ಐದು ನಿಮಿಷ ಸಾಕು. ಆಮೇಲೆ ಮಕ್ಕಳು ಚಪ್ಪಲಿ ಬಿಟ್ಟು ಚೌಕಳಿ ಹಾಳೆಯ ಮೇಲೆ ನಿಂತು ಪಾದದ ಗುರುತು ಬರೆದುಕೊಳ್ಳಲಿ, ಚೌಕ ಎಣಿಸಲಿ. ಈ ಚಟುವಟಿಕೆಗೆ ಅವಸರ ಬೇಡ. ತನ್ನ ಪಾದದ ವಿಸ್ತೀರ್ಣವನ್ನು ತಾನೇ ಎಣಿಸಿದ ಮಗು ಪ್ಯಾಸ್ಕಲ್ ಎಂಬ ಮಾನವನ್ನು ಮರೆಯುವುದಿಲ್ಲ.

ಕಪ್ಪು ಹಲಗೆಯ ಲೆಕ್ಕಕ್ಕೆ ದುಂಡು ಅಂಕಿಗಳನ್ನು ತೆಗೆದುಕೊಳ್ಳೋಣ. ಗುರುತ್ವ ವೇಗೋತ್ಕರ್ಷ 10 ಎಂದಿರಲಿ. 60 ಕೆ.ಜಿ.ಯ ಒಬ್ಬರು ಎರಡೂ ಕಾಲ ಮೇಲೆ ನಿಂತಿದ್ದಾರೆ. ಪಾದ ಒಂದಕ್ಕೆ 150 ಚದರ ಸೆಂ.ಮೀ. ಒಟ್ಟು 0.03 ಚದರ ಮೀಟರ್. 600 ನ್ಯೂಟನ್ ಬಲವನ್ನು 0.03ರಿಂದ ಭಾಗಿಸಿದರೆ 20,000 ಪ್ಯಾಸ್ಕಲ್. ನಡೆಯುವಾಗ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುವ ಕ್ಷಣದಲ್ಲಿ ಅದು 40,000.

ಈಗ ಚೈನ್ ಗಾಡಿ. ರಾಶಿ 3,400 ಕೆ.ಜಿ. ಎಂದು ಹಿಡಿಯಿರಿ. ಎರಡು ರಬ್ಬರ್ ಪಟ್ಟಿಗಳು, ಒಂದೊಂದೂ ಅರ್ಧ ಮೀಟರ್ ಅಗಲ, ನೆಲಕ್ಕೆ ತಾಗುವ ಉದ್ದ 1.7 ಮೀಟರ್. ವಿಸ್ತೀರ್ಣ 1.7 ಚದರ ಮೀಟರ್, ಒತ್ತಡ 20,000 ಪ್ಯಾಸ್ಕಲ್. ಮೂರೂವರೆ ಟನ್ನಿನ ಯಂತ್ರವೂ ಸುಮ್ಮನೆ ನಿಂತ ಮನುಷ್ಯನೂ ನೆಲವನ್ನು ಒತ್ತುವುದು ಒಂದೇ ಪ್ರಮಾಣದಲ್ಲಿ! ಉತ್ತರವನ್ನು ನೀವು ಹೇಳಬೇಡಿ. ಮಕ್ಕಳೇ ಭಾಗಾಕಾರ ಮಾಡಿ ಅನುಮಾನದಿಂದ ಮತ್ತೊಮ್ಮೆ ಮಾಡಲಿ. ಮುಂದೆ ಎತ್ತಿನ ಲೆಕ್ಕ ಕೊಡಿ: 400 ಕೆ.ಜಿ., ನಾಲ್ಕು ಗೊರಸು, ಗೊರಸಿಗೆ 80 ಚದರ ಸೆಂ.ಮೀ. ಉತ್ತರ 1,25,000. ಎಂಟು ಟನ್ನಿನ ಟೈರ್ ಗಾಡಿಯ ನಾಲ್ಕು ಚಕ್ರಗಳು ಸೇರಿ 0.8 ಚದರ ಮೀಟರ್ ನೆಲ ಮುಟ್ಟಿದರೆ 1,00,000. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಊರಿನಲ್ಲಿರುವ ಯಂತ್ರವನ್ನೇ ಅಳೆದು ತರುವುದಾದರೆ ಇನ್ನೂ ಒಳ್ಳೆಯದು.

ಇಲ್ಲಿ ಒಬ್ಬ ವಿದ್ಯಾರ್ಥಿಯಾದರೂ, ಹಾಗಾದರೆ ಟೈರ್ ಗಾಡಿಯನ್ನೇ ಹಗುರ ಮಾಡಬಹುದಲ್ಲ ಎಂದು ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಎಂಟು ಟನ್ನನ್ನು ಆರಕ್ಕೆ ಇಳಿಸಿದರೂ 75,000 ಪ್ಯಾಸ್ಕಲ್ ಉಳಿಯುತ್ತದೆ. ಮಾರುವವರು ಹೇಳುವ ‘ಹಗುರ’ ಕಿಲೋಗ್ರಾಂನಲ್ಲಿರುತ್ತದೆ, ಗದ್ದೆ ಕೇಳುವ ‘ಹಗುರ’ ಪ್ಯಾಸ್ಕಲ್‌ನಲ್ಲಿರುತ್ತದೆ. ಹಾಗೆಂದು ಕಿಲೋಗ್ರಾಂ ಲೆಕ್ಕಕ್ಕಿಲ್ಲ ಎಂದಲ್ಲ. ಚೈನ್ ಗಾಡಿಯ ತೊಟ್ಟಿಯಲ್ಲಿ 680 ಕೆ.ಜಿ. ಭತ್ತ ತುಂಬಿದರೆ ಒತ್ತಡ 24,000ಕ್ಕೆ, ಅಂದರೆ ಐದನೇ ಒಂದು ಭಾಗ ಏರುತ್ತದೆ. ರೊಜ್ಜಿನಲ್ಲಿ ತೊಟ್ಟಿ ತುಂಬುವ ಮೊದಲೇ ಖಾಲಿ ಮಾಡುವ ಚಾಲಕ ಸೂತ್ರ ಓದದಿದ್ದರೂ ಅದನ್ನು ಬಲ್ಲವನು.

ಸಮಯ ಉಳಿದರೆ ಹಿಮದ ಕಥೆ ಹೇಳಬಹುದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೆ 1930ರ ದಶಕದಲ್ಲಿ ಪಟ್ಟಿಯ ಮೇಲೆ ಓಡುವ ಹಿಮವಾಹನ ಮಾಡಿದ. 1959ರಲ್ಲಿ ಒಬ್ಬಿಬ್ಬರು ಕೂರುವ ಸ್ಕಿ-ಡೂ ಮಾರುಕಟ್ಟೆಗೆ ಬಂತು. ಮೆತ್ತನೆಯ ಹಿಮವೂ ನಮ್ಮ ರೊಜ್ಜಿನಂತೆಯೇ ಭಾರವನ್ನು ನುಂಗುತ್ತದೆ. ಅಲ್ಲಿನ ಸವಾರರದೂ ಇದೇ ಚರ್ಚೆ: ಎರಡು ಸ್ಟ್ರೋಕ್ ಎಂಜಿನ್ನಿನ ಗಾಡಿ ಹಗುರ, ನಾಲ್ಕು ಸ್ಟ್ರೋಕಿನದು ಭಾರ, ಆದರೆ ಹೆಚ್ಚು ಬಾಳಿಕೆಯದು. ಹಿಮ ಕಾಣದ ನಮ್ಮ ಮಕ್ಕಳಿಗೆ ಹಳೆಯ ಎರಡು ಸ್ಟ್ರೋಕ್ ಮೊಪೆಡ್ಡನ್ನು ನೆನಪಿಸಿದರೆ ಸಾಕು.

ಎರಡನೇ ಅವಧಿ: ಕೈಕೊಡದ್ದು ಯಾವುದು?

ಮೊದಲ ಅವಧಿ ಮುಗಿಯುವ ಹೊತ್ತಿಗೆ ತರಗತಿಯೆಲ್ಲ ಚೈನ್ ಗಾಡಿಯ ಪಕ್ಷಕ್ಕೆ ವಾಲಿರುತ್ತದೆ. ಒಂದು ಗುಣಕ್ಕೆ ಅಂಕಿ ಸಿಕ್ಕಿದೆ, ಇನ್ನೊಂದಕ್ಕೆ ಸಿಕ್ಕಿಲ್ಲ. ಅಂಕಿ ಇದ್ದದ್ದೇ ಗೆಲ್ಲುತ್ತದೆ. ಪ್ರಶಿಕ್ಷಣಾರ್ಥಿ ಎಚ್ಚರ ವಹಿಸಬೇಕಾದ ಜಾಗ ಇದು. ಯಂತ್ರದ ತೂಕ ಅದರ ಫಲಕದ ಮೇಲೇ ಬರೆದಿರುತ್ತದೆ. ಎಷ್ಟು ಸಲ ಕೆಟ್ಟು ನಿಲ್ಲುತ್ತದೆ ಎಂಬುದು ಎಲ್ಲೂ ಬರೆದಿರುವುದಿಲ್ಲ, ಕೇಳಿ ತಿಳಿಯಬೇಕು.

ಕುರುಗೋಡಿನ ಕಡೆ ಪಾಠ ಮಾಡುವವರು ಬಂಡಿಯಿಂದ ಆರಂಭಿಸಿದರೆ ಸಲೀಸು. ಕಬ್ಬಿಣದ ಪಟ್ಟೆಯ ಮರದ ಗಾಲಿ ಕಿರಿದು. ಹಸಿ ಎರೆಯಲ್ಲಿ ಕೊಯ್ದುಕೊಂಡು ಇಳಿಯುತ್ತದೆ, ಎತ್ತು ಬಳಲುತ್ತದೆ. ಟೈರಿನ ಬಂಡಿ ಅಗಲ, ಎಳೆಯಲು ಹಗುರ. ಆದರೆ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳು ಕಬ್ಬಿಣದ ಪಟ್ಟೆಗೆ ಏನೂ ಮಾಡದು, ಟೈರಿಗೆ ಬಿಡದು. ಮೆಣಸಿನಕಾಯಿ ಚೀಲ ಹೇರಿದ ಬಂಡಿ ಅರ್ಧ ದಾರಿಯಲ್ಲಿ ಪಂಕ್ಚರ್ ಆದರೆ ಹಗುರತನದಿಂದ ಬಂದ ಲಾಭ ಎಷ್ಟು ಉಳಿಯಿತು ಎಂದು ಕೇಳಿ. ಎರಡು ಗುಣಗಳ ಜಗ್ಗಾಟ ಇಲ್ಲಿ ಒಂದೇ ಗಾಲಿಯಲ್ಲಿ ಕಾಣುತ್ತದೆ.

ಚೈನ್ ಗಾಡಿಗೂ ಇಂಥ ಕಷ್ಟಗಳುಂಟು. ರಬ್ಬರ್ ಪಟ್ಟಿ ಕಲ್ಲಿಗೆ, ಗಟ್ಟಿ ಬದುವಿಗೆ ಸವೆಯುತ್ತದೆ. ರೋಲರುಗಳಲ್ಲಿ ಮಣ್ಣು ಸೇರುತ್ತದೆ. ಡಾಂಬರು ರಸ್ತೆಯಲ್ಲಿ ದೂರ ಓಡಿಸಿದರೆ ಪಟ್ಟಿ ಉಳಿಯದು, ಊರಿಂದ ಊರಿಗೆ ಲಾರಿಯಲ್ಲೇ ಹೋಗಬೇಕು. ಟೈರ್ ಗಾಡಿ ಸಿರುಗುಪ್ಪದಿಂದ ಕುರುಗೋಡಿಗೆ ತನ್ನ ಕಾಲ ಮೇಲೆ ಹೋಗುತ್ತದೆ, ಪಂಕ್ಚರ್ ಯಾವ ಊರಿನಲ್ಲಾದರೂ ಹಾಕುತ್ತಾರೆ.

ಇವನ್ನು ದಿನಗಳ ಲೆಕ್ಕಕ್ಕೆ ತಂದರೆ ತರಗತಿಗೆ ಹಿಡಿತ ಸಿಗುತ್ತದೆ. ಕಟಾವು 20 ದಿನ ಎನ್ನೋಣ. ಟೈರ್ ಗಾಡಿ ದಿನಕ್ಕೆ 15 ಎಕರೆ ಕೊಯ್ಯುತ್ತದೆ, ರಿಪೇರಿಗೆ ಒಂದು ದಿನ ಹೋಗುತ್ತದೆ, ಗದ್ದೆ ಹಸಿಯಿದ್ದ ದಿನ ಇಳಿಯುವುದೇ ಇಲ್ಲ. ಚೈನ್ ಗಾಡಿಗೆ ದಿನಕ್ಕೆ 9 ಎಕರೆ, ಹಸಿ ಒಣ ಎರಡೂ ಒಂದೇ. ರಿಪೇರಿಗೆ 3 ದಿನ, ಸಾಗಣೆಗೆ 2 ದಿನ ಕಳೆಯಿರಿ. ಅದರ ಕೆಲಸ 15 ದಿನ, 135 ಎಕರೆ. ಹಸಿ ದಿನಗಳು 6 ಆದರೆ ಟೈರ್ ಗಾಡಿ 13 ದಿನದಲ್ಲಿ 195 ಎಕರೆ ಕೊಯ್ದು ಮುಂದಿರುತ್ತದೆ. ಹಸಿ ದಿನಗಳು 12 ಆದರೆ 7 ದಿನ, 105 ಎಕರೆ, ಹಿಂದೆ ಬೀಳುತ್ತದೆ. ಎರಡೂ ಸಮವಾಗುವುದು ಎಷ್ಟು ಹಸಿ ದಿನಕ್ಕೆ? ಇದು ಎಂಟನೇ ತರಗತಿಯ ಗಣಿತದ ಸರಳ ಸಮೀಕರಣವೇ: 15(19 − ಹ) = 135, ಉತ್ತರ 10.

ಈಗ ಒಂದೇ ಅಂಕಿ ಬದಲಿಸಿ. ಬಿಡಿಭಾಗಕ್ಕೆ ಐವತ್ತು ಕಿ.ಮೀ.ಗೂ ಮೀರಿದ ದೂರದ ಬಳ್ಳಾರಿಗೆ ಹೋಗದೆ ಸಿರುಗುಪ್ಪದಲ್ಲೇ ಸಿಕ್ಕು, ಚೈನ್ ಗಾಡಿಯ ರಿಪೇರಿ 3 ದಿನದಿಂದ 1ಕ್ಕೆ ಇಳಿಯಿತು ಎನ್ನಿ. ಅದರ ಕೆಲಸ 153 ಎಕರೆಯಾಗುತ್ತದೆ, ಸಮವಾಗುವ ಹಂತ 10ರಿಂದ 8.8 ದಿನಕ್ಕೆ ಬರುತ್ತದೆ. ಯಂತ್ರ ಅದೇ, ಅಂಗಡಿ ಮಾತ್ರ ಹತ್ತಿರ ಬಂತು. ವಿಶ್ವಾಸಾರ್ಹತೆಯ ಒಂದು ಪಾಲು ಕಾರ್ಖಾನೆಯಲ್ಲಿ ಆದರೆ ಇನ್ನೊಂದು ಪಾಲು ಊರಿನಲ್ಲಿ ಆಗುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ಲೆಕ್ಕದಿಂದಲೇ ಕಾಣುತ್ತಾರೆ.

ಈ ಲೆಕ್ಕ ಯಂತ್ರದ ಮಾಲೀಕನದು ಎಂಬುದನ್ನು ಮರೆಯಬಾರದು. ತಗ್ಗಿನಲ್ಲಿ ನಾಲ್ಕು ಎಕರೆ ಇಟ್ಟುಕೊಂಡು, ನೀರು ನಿಂತ ಗದ್ದೆಯಲ್ಲಿ ಭತ್ತ ಮಲಗಿಸಿಕೊಂಡವನಿಗೆ 195 ಎಕರೆಯ ಮಾತಿನಿಂದ ಉಪಯೋಗವಿಲ್ಲ. ಅವನ ಗದ್ದೆಗೆ ಇಳಿಯುವ ಯಂತ್ರ ಒಂದೇ. ಅದು ಕೆಟ್ಟು ನಿಂತರೆ ಬೇರೆ ದಾರಿಯೂ ಇಲ್ಲ. ತರಗತಿಯನ್ನು ಮಾಲೀಕರು, ರೈತರು, ಚಾಲಕರು ಎಂದು ಮೂರು ಗುಂಪು ಮಾಡಿ ವಾದಿಸಲು ಬಿಡಿ. ತೀರ್ಪು ಕೊಡಬೇಡಿ.

ಬಳ್ಳಾರಿ ನಗರದ ಶಾಲೆಗಳಲ್ಲಿ ಗದ್ದೆ ಕಾಣದ ಮಕ್ಕಳಿರುತ್ತಾರೆ. ಅಲ್ಲಿ ಜೀನ್ಸ್ ಹೊಲಿಗೆಯ ಸೂಜಿಯಿಂದ ಪ್ರವೇಶಿಸಬಹುದು: ಸೂಜಿಯ ಮೊನೆ ಸಣ್ಣದಾದಷ್ಟೂ ದಪ್ಪ ಬಟ್ಟೆಗೆ ಸುಲಭವಾಗಿ ಇಳಿಯುತ್ತದೆ, ಆದರೆ ತೀರ ಸಪೂರವಾದ ಸೂಜಿ ಬೇಗ ಮುರಿಯುತ್ತದೆ.

ಮೌಲ್ಯಮಾಪನ

1. ನಿಮ್ಮ ಪಾದದ ಅಳತೆಯಿಂದ, ನೀವು ಒಂಟಿ ಕಾಲಿನಲ್ಲಿ ನಿಂತಾಗಿನ ಒತ್ತಡ ಕಂಡುಹಿಡಿಯಿರಿ.
2. ಚೈನ್ ಗಾಡಿಯ ಪಟ್ಟಿಯ ಅಗಲವನ್ನು 0.4 ಮೀಟರಿಗೆ ಇಳಿಸಿದರೆ ಒತ್ತಡ ಎಷ್ಟಾಗುತ್ತದೆ? ಸವೆದ ಪಟ್ಟಿ ಬದಲಿಸುವ ಖರ್ಚು ಇದರಿಂದ ಕಡಿಮೆಯಾಗುವುದಾದರೆ ನೀವು ಒಪ್ಪುವಿರಾ?
3. ಯಂತ್ರ ಇಟ್ಟುಕೊಂಡವರೊಬ್ಬರನ್ನು ಮಾತನಾಡಿಸಿ: ಹೋದ ಸುಗ್ಗಿಯಲ್ಲಿ ಎಷ್ಟು ದಿನ ನಿಂತಿತು, ಯಾವ ಭಾಗ ಹೋಯಿತು, ಅದು ಎಲ್ಲಿಂದ ಬಂತು, ಬರಲು ಎಷ್ಟು ಹೊತ್ತಾಯಿತು? ಉತ್ತರವನ್ನು ಅವರ ಮಾತಿನಲ್ಲೇ ಬರೆದು ತನ್ನಿ.