ಪುಸ್ತಕ ‘ಬ್ಯಾನ್’ ಆಗಿದೆಯೇ? ಆದೇಶ ತೋರಿಸಲಿ

ಸಲ್ಮಾನ್ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಆಮದಿಗೆ 1988ರಲ್ಲಿ ಕೇಂದ್ರ ಸರ್ಕಾರ ನಿಷೇಧ ಹೇರಿತೆಂದು ಎಲ್ಲರೂ ನಂಬಿದ್ದರು. ಮೂರು ದಶಕದ ಮೇಲೆ ಓದುಗರೊಬ್ಬರು ದೆಹಲಿ ಹೈಕೋರ್ಟಿಗೆ ಹೋದಾಗ, ಆ ಅಧಿಸೂಚನೆಯ ಪ್ರತಿ ಯಾವ ಇಲಾಖೆಯಲ್ಲೂ ಸಿಗಲಿಲ್ಲ. ಅಂಥದೊಂದು ಆದೇಶವೇ ಇಲ್ಲವೆಂದು ಭಾವಿಸದೆ ಬೇರೆ ದಾರಿಯಿಲ್ಲ ಎಂದು ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು.

ಚಾಮರಾಜನಗರ, ಗುಂಡ್ಲುಪೇಟೆಯ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ‘ಅದು ಬ್ಯಾನ್ ಆಗಿದೆಯಮ್ಮ, ಕೊಡಕ್ಕಾಗಲ್ಲ’ ಎಂಬ ಗ್ರಂಥಾಲಯದವರ ಬಾಯಿಮಾತು ನಿಷೇಧವಲ್ಲ. ರಾಜ್ಯ ಸರ್ಕಾರ ಪುಸ್ತಕವೊಂದನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಡಿ ಅಧಿಸೂಚನೆ ಹೊರಡಿಸಬೇಕು. ಅದರಲ್ಲಿ ಕಾರಣಗಳನ್ನು ಬರೆದಿರಬೇಕು. ಕಾರಣ ಹೇಳದ ಇಂಥ ಆದೇಶವನ್ನು ಸುಪ್ರೀಂ ಕೋರ್ಟ್ 1961ರಲ್ಲೇ, ಹರನಾಮ್ ದಾಸ್ ಪ್ರಕರಣದಲ್ಲಿ, ರದ್ದು ಮಾಡಿದೆ. ಅಧಿಸೂಚನೆ ಹೊರಟ ಮೇಲೂ ಗ್ರಂಥಾಲಯದೊಳಗೆ ಬಂದು ಶೋಧಿಸಲು ಮ್ಯಾಜಿಸ್ಟ್ರೇಟರ ವಾರಂಟು ಬೇಕು. ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಗೆ ಆ ವಾರಂಟು ಕೊಡುವಂತಿಲ್ಲ.

‘ಬರೆದವರು ಸುಮ್ಮನಿರುವಾಗ ನಿನಗ್ಯಾಕೆ ಉಸಾಬರಿ?’ ಎಂದು ಯಾರಾದರೂ ಕೇಳಬಹುದು. 99ನೇ ಕಲಮು ‘ಹಿತಾಸಕ್ತಿಯುಳ್ಳ ಯಾರೇ ಆಗಲಿ’ ಹೈಕೋರ್ಟಿಗೆ ಹೋಗಬಹುದು ಎನ್ನುತ್ತದೆ. ಜೇಮ್ಸ್ ಲೇನ್ ಅವರು ಶಿವಾಜಿ ಕುರಿತು ಬರೆದ ಪುಸ್ತಕದ ಮುಟ್ಟುಗೋಲನ್ನು ಪ್ರಶ್ನಿಸಿದವರಲ್ಲಿ ಚಲನಚಿತ್ರ ನಿರ್ದೇಶಕ ಆನಂದ್ ಪಟವರ್ಧನ್ ಇದ್ದರು, ಒಬ್ಬ ವಕೀಲರಿದ್ದರು. ಮುಂಬೈ ಹೈಕೋರ್ಟಿನಲ್ಲಿ ಗೆದ್ದರು. 2010ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೋದವರೆಲ್ಲ ಗೆಲ್ಲುತ್ತಾರೆಂದಲ್ಲ. ನಮ್ಮಲ್ಲೇ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಾಗ ಬರಗೂರು ರಾಮಚಂದ್ರಪ್ಪ ಮತ್ತಿತರರು ದೆಹಲಿಯವರೆಗೂ ಹೋದರು. 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವೇ ನಿಂತಿತು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೂ ಅಲ್ಲಿ ಒಂದು ಆದೇಶವಿತ್ತು, ಅದನ್ನು ಎದುರಿಟ್ಟುಕೊಂಡು ವಾದಿಸಲು ಸಾಧ್ಯವಿತ್ತು. ಫೋನಿನಲ್ಲಿ ಹೇಳಿ ಮುಗಿಸುವ ನಿಷೇಧದಲ್ಲಿ ಅದೂ ಇರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಪುಸ್ತಕ ಯಾಕೆ ಕೊಡುತ್ತಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ತಳ್ಳಿಹಾಕುತ್ತಾರೆ. ಹೀಗೆ ಬರೆಯಿರಿ: ‘ಇಂಥ ಪುಸ್ತಕದ ಎರವಲು ನಿಲ್ಲಿಸಲು ಹೊರಡಿಸಿರುವ ಆದೇಶ ಅಥವಾ ಸುತ್ತೋಲೆಯ ದೃಢೀಕೃತ ಪ್ರತಿ ಮತ್ತು ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳನ್ನು ಒದಗಿಸಿ.’ ವಿಶ್ವವಿದ್ಯಾಲಯವಾದರೆ ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಊರಿನ ಅರಿವು ಕೇಂದ್ರವಾದರೆ ಪಂಚಾಯಿತಿಯ ಪಿಡಿಒಗೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. 30 ದಿನದಲ್ಲಿ ಉತ್ತರ ಬರಬೇಕು. ಗ್ರಂಥಾಲಯ ಪುಸ್ತಕ ಕೊಂಡೇ ಇಲ್ಲವೆಂದರೆ ಅದು ನಿಷೇಧವಲ್ಲ, ಆಯ್ಕೆ. ತರಿಸಿ ಎಂದು ಮನವಿ ಕೊಡಬಹುದು, ಅಷ್ಟೆ.

ಪುಸ್ತಕ ಚರ್ಚೆಯೊಂದನ್ನು ‘ಗಲಾಟೆ ಆಗುತ್ತೆ’ ಎಂದು ರದ್ದು ಮಾಡಿದರೆ? ಸಭಾಂಗಣ ವಿಶ್ವವಿದ್ಯಾಲಯದ್ದು, ಸಮಯ, ಶಿಸ್ತಿನ ಷರತ್ತು ಹಾಕಲು ಅದಕ್ಕೆ ಹಕ್ಕಿದೆ. ಆದರೆ ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಎಸ್. ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಪ್ರಶ್ನಿಸುವ ಮನೋಭಾವವನ್ನು ಬೆಳೆಸಿಕೊಳ್ಳುವುದು ಸಂವಿಧಾನದ 51ಎ(ಎಚ್) ವಿಧಿಯಂತೆ ಪ್ರಜೆಯ ಕರ್ತವ್ಯ ಕೂಡ. ಪ್ರಶ್ನಿಸದೆ ನಂಬಿದ್ದಕ್ಕೆ ಉದಾಹರಣೆ ಇಲ್ಲೇ ಇದೆ: ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ಮಾತಿಗೆ ಹೆದರಿ ವರ್ಷಗಟ್ಟಲೆ ಮುಖ್ಯಮಂತ್ರಿಗಳು ಇತ್ತ ಸುಳಿಯಲಿಲ್ಲ. 2013ರಲ್ಲಿ ಬಂದ ಸಿದ್ದರಾಮಯ್ಯ ಐದು ವರ್ಷ ಪೂರೈಸಿದರು. ಈ ಊರಿನ ಗ್ರಂಥಾಲಯಕ್ಕೆ ಇದಕ್ಕಿಂತ ಒಳ್ಳೆಯ ಚರ್ಚಾವಿಷಯ ಸಿಕ್ಕೀತೆ?

ಬೆಂಗಳೂರಿನ ಹೈಕೋರ್ಟಿಗೆ ಅಲೆಯುವ ಖರ್ಚಿಗೆ ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸೋಲಿಗರ ಪೋಡಿನಿಂದ ಓದಲು ಬಂದ ಹುಡುಗನಿಗೂ ಇದು ಸಲ್ಲುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮುಟ್ಟುಗೋಲಿನ ಅಧಿಸೂಚನೆ ನಿಜಕ್ಕೂ ಹೊರಟಿದ್ದರೆ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಎರಡು ತಿಂಗಳಷ್ಟೇ ಗಡುವು. ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತ ಕೂತರೆ ಅದರಲ್ಲಿ ಅರ್ಧ ಕಳೆದುಹೋಗುತ್ತದೆ. ಅರ್ಜಿ ಕೊಟ್ಟ ದಿನವೇ ವಕೀಲರನ್ನೂ ಕಾಣಿರಿ.