ಚೆಂಡು ನೆಲಕ್ಕೆ ಬೀಳಬಾರದು



ಸಾರಕ್ಕಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಎರಡು ಕೋಣೆಯ ಶೀಟಿನ ಮನೆ. ತಾಯಿ ದಿನಾ ಬೆಳಗಿನ ಜಾವ ಸಾರಕ್ಕಿ ಮಾರುಕಟ್ಟೆಗೆ ಹೋಗುತ್ತಾಳೆ. ಸೊಪ್ಪು ತಂದು ಬೀದಿ ಬೀದಿ ಮಾರುತ್ತಾಳೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ತಾಯಿಯೂ ಒಂದು ವರ್ಷದಿಂದ ಅಕ್ಷರ ಕಲಿಯುತ್ತಿದ್ದಾಳೆ.

ಒಂದು ಸಂಜೆ ಮಗಳು ಒಂದು ಕಾಗದ ತಂದಳು.

"ಅಮ್ಮಾ, ಇದಕ್ಕೊಂದು ಸೈನ್ ಹಾಕು. ನಾಳೆ ಕೊಡಬೇಕು."

"ಏನದು?"

"ಆಟದ್ದು ಕಣಮ್ಮ. ನೀನು ಸೈನ್ ಹಾಕು ಸಾಕು."

ಮೊದಲಾಗಿದ್ದರೆ ತಾಯಿ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದಳು. ಒಮ್ಮೆ ಹಾಗೆ ಒತ್ತಿದ ಕಾಗದ ಸಾಲದ ಪತ್ರವಾಗಿತ್ತು. ಆ ಸಾಲ ತೀರಿಸಲು ಮೂರು ವರ್ಷ ಹಿಡಿಯಿತು.

"ತಾ ಇಲ್ಲಿ. ಓದದೆ ಸೈನ್ ಹಾಕಲ್ಲ" ಅಂದಳು ತಾಯಿ. ದೀಪದ ಕೆಳಗೆ ಕೂತಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಪೋಷಕರಿಗೆ ನಮಸ್ಕಾರ. ನಾನು ಕಾಲೇಜಿಗೆ ಹೊಸದಾಗಿ ಬಂದಿರುವ ವಾಲಿಬಾಲ್ ತರಬೇತುದಾರಳು. ಕಳೆದ ವರ್ಷ ನಮ್ಮ ಹುಡುಗಿಯರ ತಂಡ ಎಲ್ಲ ಪಂದ್ಯಗಳಲ್ಲೂ ಸೋತಿತು. ಮೊದಲು 12 ಜನ ಇದ್ದರು. ಕೊನೆಗೆ ಉಳಿದವರು 5 ಜನ. ಈ ವರ್ಷ ವಾರಕ್ಕೆ 4 ದಿನ, ಸಂಜೆ 3.30ರಿಂದ 5.30ರವರೆಗೆ ಅಭ್ಯಾಸ ಇರುತ್ತದೆ. ನಿಮ್ಮ ಮಗಳನ್ನು ಕಳಿಸಿಕೊಡಿ. ಒಪ್ಪುವ ಮೊದಲು ಭಾನುವಾರ ಬೆಳಗ್ಗೆ 10 ಗಂಟೆಗೆ ಮೈದಾನಕ್ಕೆ ಬನ್ನಿ. ನಿಮ್ಮ ಪ್ರಶ್ನೆಗಳನ್ನು ಕೇಳಿ."

ಕೊನೆಯ ಸಾಲನ್ನು ತಾಯಿ ಎರಡು ಸಲ ಓದಿದಳು.

ಪಕ್ಕದ ಮನೆ ಅಜ್ಜಿ ಸುಮ್ಮನಿರಲಿಲ್ಲ. "ವಯಸ್ಸಿಗೆ ಬಂದ ಹುಡುಗಿ. ಬಯಲಲ್ಲಿ ಕುಣಿದ್ರೆ ನಾಳೆ ಯಾರು ಮದುವೆ ಆಗ್ತಾರೆ?" ಅಂದಳು. "ಸಂಜೆ ಮನೆ ಕೆಲಸ ಯಾರು ಮಾಡೋರು?" ಅಂದ ತಂದೆ.

ತಾಯಿ ಕಾಗದ ಮಡಿಸಿ ಇಟ್ಟಳು. "ಭಾನುವಾರ ಹೋಗಿ ನೋಡ್ಕೊಂಡು ಬರ್ತೀನಿ. ಆಮೇಲೆ ಮಾತಾಡೋಣ" ಅಂದಳು.

ಇದು ಎಂಥ ಆಟ?

ವಾಲಿಬಾಲ್ ಹುಟ್ಟಿದ್ದು ಅಮೆರಿಕದಲ್ಲಿ. 1895ರಲ್ಲಿ ವಿಲಿಯಂ ಮಾರ್ಗನ್ ಎಂಬುವರು ಇದನ್ನು ಶುರು ಮಾಡಿದರು. ಹೆಂಗಸರ ವಾಲಿಬಾಲ್ 1964ರಲ್ಲಿ ಒಲಿಂಪಿಕ್ಸ್ ಸೇರಿತು. ಆ ವರ್ಷ ಚಿನ್ನ ಗೆದ್ದದ್ದು ಜಪಾನ್. ಆ ತಂಡದ ಹೆಚ್ಚಿನ ಹುಡುಗಿಯರು ಒಂದು ನೂಲಿನ ಗಿರಣಿಯ ನೌಕರರು. ಹಗಲು ಗಿರಣಿ ಕೆಲಸ, ಆಮೇಲೆ ರಾತ್ರಿವರೆಗೆ ಆಟ.

ಈ ಆಟಕ್ಕೆ ಬೇಕಾದ ಜಾಗ ಎಷ್ಟು? 18 ಮೀಟರ್ ಉದ್ದ, 9 ಮೀಟರ್ ಅಗಲ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, 30-40ರ ಸೈಟು ಒಂದೂವರೆ ಆಗುತ್ತದೆ. ನಡುವೆ ಒಂದು ಬಲೆ. ಹೆಂಗಸರ ಆಟಕ್ಕೆ ಬಲೆಯ ಎತ್ತರ 2.24 ಮೀಟರ್. ಅಂದರೆ ಸುಮಾರು ಏಳು ಅಡಿ ನಾಲ್ಕು ಅಂಗುಲ.

ಆ ಕಡೆ 6 ಜನ, ಈ ಕಡೆ 6 ಜನ. ಚೆಂಡು ನಮ್ಮ ಕಡೆ ನೆಲಕ್ಕೆ ಬಿದ್ದರೆ ಎದುರಿನವರಿಗೆ ಒಂದು ಅಂಕ. ಮೊದಲು 25 ಅಂಕ ಪಡೆದವರು ಒಂದು ಸೆಟ್ ಗೆಲ್ಲುತ್ತಾರೆ. ಆದರೆ 2 ಅಂಕ ಮುಂದಿರಲೇಬೇಕು. ಕೊನೆಯ ಸೆಟ್ ಮಾತ್ರ 15 ಅಂಕಕ್ಕೆ.

ಈ ಆಟದಲ್ಲಿ ಚೆಂಡನ್ನು ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ. ಒಬ್ಬಳೇ ಸತತವಾಗಿ ಎರಡು ಸಲ ಮುಟ್ಟುವ ಹಾಗೂ ಇಲ್ಲ. ಮೂರು ಮುಟ್ಟಿನೊಳಗೆ ಚೆಂಡು ಬಲೆ ದಾಟಬೇಕು. ಒಬ್ಬಳು ತಡೆದು ಎತ್ತುತ್ತಾಳೆ. ಇನ್ನೊಬ್ಬಳು ಬಲೆ ಹತ್ತಿರಕ್ಕೆ ಎತ್ತಿಕೊಡುತ್ತಾಳೆ. ಮತ್ತೊಬ್ಬಳು ಹಾರಿ ಹೊಡೆಯುತ್ತಾಳೆ. ಚಪ್ಪಾಳೆ ಸಿಗುವುದು ಹೊಡೆದವಳಿಗೆ. ಆದರೆ ಮೊದಲನೆಯವಳು ಸರಿಯಾಗಿ ಎತ್ತದಿದ್ದರೆ ಮೂರನೆಯವಳು ಏನನ್ನು ಹೊಡೆಯುತ್ತಾಳೆ?

ತಂಡ ಯಾಕೆ ಸೋಲುತ್ತಿತ್ತು?

ಭಾನುವಾರ ಏಳು ಜನ ತಾಯಂದಿರು ಮೈದಾನಕ್ಕೆ ಬಂದರು. ಹೊಸ ಮೇಡಂ ಒಂದು ನೋಟ್‌ಬುಕ್ ತೆಗೆದರು.

"ನಾನು ಬಂದ ಮೊದಲ ವಾರ ಚೆಂಡು ಮುಟ್ಟಲಿಲ್ಲ. ಆಟ ಬಿಟ್ಟು ಹೋದವರನ್ನ ಒಬ್ಬೊಬ್ಬರನ್ನೇ ಕರೆದು ಕೇಳ್ದೆ, ಯಾಕಮ್ಮಾ ಬಿಟ್ಟೆ ಅಂತ. ಅವರು ಹೇಳಿದ್ದನ್ನ ಬರ್ಕೊಂಡೆ" ಅಂದರು. ಆಮೇಲೆ ಓದಿದರು.

ಒಬ್ಬಳಿಗೆ ಸಂಜೆ ನೀರು ಹಿಡಿಯಬೇಕು. ಒಬ್ಬಳಿಗೆ ಕತ್ತಲಲ್ಲಿ ಒಬ್ಬಳೇ ಮನೆಗೆ ಹೋಗಲು ಹೆದರಿಕೆ. ಒಬ್ಬಳಿಗೆ ಶೂ ಇಲ್ಲ. ಇಬ್ಬರಿಗೆ ಆಡುವಾಗ ತಲೆ ಸುತ್ತುತ್ತದೆ. ಒಬ್ಬಳ ಮನೆಯಲ್ಲಿ ಮದುವೆ ಮಾತು. ಒಬ್ಬಳು, "ಹೇಗಿದ್ರೂ ಸೋಲ್ತೀವಲ್ಲ ಮೇಡಂ" ಎಂದು ಬಿಟ್ಟಿದ್ದಳು.

"ನೋಡಿ ಅಮ್ಮ, ಇದರಲ್ಲಿ ಆಟ ಬರಲ್ಲ ಅಂತ ಬಿಟ್ಟವಳು ಒಬ್ಬಳೂ ಇಲ್ಲ" ಅಂದರು ಮೇಡಂ. "ತಂಡ ಮೊದಲು ಸೋತಿದ್ದು ಮೈದಾನದಲ್ಲಿ ಅಲ್ಲ."

ಮೇಡಂ ಏನು ಮಾಡಿದರು? ಅಭ್ಯಾಸದ ಹೊತ್ತನ್ನು ಕತ್ತಲಾಗುವ ಮೊದಲೇ ಮುಗಿಯುವಂತೆ ಇಟ್ಟರು. ಒಂದೇ ದಾರಿಯ ಹುಡುಗಿಯರನ್ನು ಗುಂಪು ಮಾಡಿದರು. ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಶೂ ಕೊಡಿಸಿದರು. ತಲೆ ಸುತ್ತುವವರನ್ನು ರಕ್ತಪರೀಕ್ಷೆಗೆ ಕಳಿಸಿದರು.

ರಕ್ತಹೀನತೆ ನಮ್ಮಲ್ಲಿ ದೊಡ್ಡ ತೊಂದರೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೀಗೆ ಹೇಳುತ್ತದೆ. ಸೊಪ್ಪು, ರಾಗಿ, ಕಾಳು, ಮೊಟ್ಟೆ ತಿನ್ನಬೇಕು. ಸೊಪ್ಪಿನ ಜೊತೆ ನಿಂಬೆರಸ ಇದ್ದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿಯಬಾರದು. ವೈದ್ಯರು ಕೊಟ್ಟರೆ ಕಬ್ಬಿಣದ ಮಾತ್ರೆ ನುಂಗಬೇಕು.

ಸೊಪ್ಪು ಮಾರುವ ತಾಯಿ ಇದನ್ನು ಕೇಳಿ ಸುಮ್ಮನೆ ಕೂತಳು. ದಿನಾ ಊರಿಗೆಲ್ಲ ಸೊಪ್ಪು ಕೊಡುತ್ತಾಳೆ. ಮನೆಗೆ ಉಳಿಯುತ್ತಿದ್ದದ್ದು ಬಾಡಿದ ಒಂದು ಕಟ್ಟು.

ಚೀನಾದ ಲಾಂಗ್ ಪಿಂಗ್

"ಸೋತ ತಂಡ ಮತ್ತೆ ಏಳುತ್ತಾ ಮೇಡಂ?" ಎಂದು ಒಬ್ಬ ತಾಯಿ ಕೇಳಿದಳು. ಮೇಡಂ ಒಂದು ನಿಜವಾದ ಸಂಗತಿ ಹೇಳಿದರು. ನೀವೂ ಓದಿ.

ಲಾಂಗ್ ಪಿಂಗ್ ಚೀನಾ ದೇಶದ ಹೆಣ್ಣುಮಗಳು. ಹುಟ್ಟಿದ್ದು 1960ರಲ್ಲಿ. ಅವರ ಹೊಡೆತ ಎಷ್ಟು ಬಿರುಸಾಗಿತ್ತು ಅಂದರೆ, ಜನ ಅವರನ್ನು 'ಕಬ್ಬಿಣದ ಸುತ್ತಿಗೆ' ಎಂದು ಕರೆದರು. 1984ರಲ್ಲಿ ಅವರ ತಂಡ ಒಲಿಂಪಿಕ್ಸ್ ಚಿನ್ನ ಗೆದ್ದಿತು.

ಮುಂದೆ ಆ ತಂಡ ಕುಸಿಯಿತು. 1994ರ ವಿಶ್ವ ಪಂದ್ಯಾವಳಿಯಲ್ಲಿ 8ನೇ ಸ್ಥಾನಕ್ಕೆ ಇಳಿಯಿತು. 1995ರಲ್ಲಿ ಲಾಂಗ್ ಪಿಂಗ್ ತರಬೇತುದಾರರಾಗಿ ಬಂದರು. 1996ರ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ಬೆಳ್ಳಿ ಸಿಕ್ಕಿತು. ಕೆಲವು ವರ್ಷಗಳ ನಂತರ ಅವರು ಬೇರೆ ದೇಶಗಳಿಗೆ ಹೋಗಿ ಕಲಿಸಿದರು.

2012ರ ಒಲಿಂಪಿಕ್ಸ್‌ನಲ್ಲಿ ಚೀನಾ ತಂಡಕ್ಕೆ ಯಾವ ಪದಕವೂ ಸಿಗಲಿಲ್ಲ. 2013ರಲ್ಲಿ ಲಾಂಗ್ ಪಿಂಗ್ ಮತ್ತೆ ಬಂದರು. ಬಂದ ಕೂಡಲೇ ಗೆದ್ದರೇ? ಇಲ್ಲ. ಆ ವರ್ಷ ಏಷ್ಯಾ ಪಂದ್ಯಾವಳಿಯಲ್ಲಿ ತಂಡ 4ನೇ ಸ್ಥಾನಕ್ಕೆ ಬಿತ್ತು. ಆದರೂ ಅವರು ಹೊಸ ಹುಡುಗಿಯರನ್ನು ಕೈಬಿಡಲಿಲ್ಲ. ಅವರಲ್ಲಿ ಒಬ್ಬಳು ಝೂ ಟಿಂಗ್. ಹಳ್ಳಿಯ ರೈತನ ಮಗಳು. ಮನೆಯಲ್ಲಿ ಐದು ಜನ ಹೆಣ್ಣುಮಕ್ಕಳು. ಇವಳು ಮೂರನೆಯವಳು.

2015ರಲ್ಲಿ ಆ ತಂಡ ವಿಶ್ವಕಪ್ ಗೆದ್ದಿತು. 2016ರಲ್ಲಿ ರಿಯೊ ಒಲಿಂಪಿಕ್ಸ್ ಬಂತು. ಗುಂಪಿನ 5 ಪಂದ್ಯಗಳಲ್ಲಿ 3ನ್ನು ಸೋತರು. ಮುಂದಿನ ಸುತ್ತಿನಲ್ಲಿ ಎದುರಾದದ್ದು ಬ್ರೆಜಿಲ್. ಆಟ ನಡೆದದ್ದೂ ಬ್ರೆಜಿಲ್‌ನ ನೆಲದಲ್ಲೇ. ಮೊದಲ ಸೆಟ್ ಸೋತರು. ಆದರೂ ಬಿಡದೆ ಆಡಿದರು. ಕೊನೆಯ ಸೆಟ್ 15-13ರಲ್ಲಿ ಗೆದ್ದರು. ಅಲ್ಲಿಂದ ಮುಂದೆ ಸೋಲಲಿಲ್ಲ. ಚಿನ್ನವನ್ನೇ ತಂದರು. ಝೂ ಟಿಂಗ್ ಆ ಕೂಟದ ಅತ್ಯುತ್ತಮ ಆಟಗಾರ್ತಿ ಎನಿಸಿದಳು.

ನಮ್ಮ ಬೆಂಗಳೂರಿನಲ್ಲೂ ಇಂಥ ಉದಾಹರಣೆ ಇದೆ. ಬೆಂಗಳೂರು ಟಾರ್ಪೆಡೋಸ್ ಎಂಬುದು ಗಂಡಸರ ವಾಲಿಬಾಲ್ ತಂಡ. 2022ರ ಲೀಗ್‌ನಲ್ಲಿ ಅದು ಮೊದಲ ನಾಲ್ಕರಲ್ಲಿ ಇರಲಿಲ್ಲ. 2023ಕ್ಕೆ ಹೊಸ ತರಬೇತುದಾರ ಡೇವಿಡ್ ಲೀ ಬಂದರು. ಆ ವರ್ಷ ತಂಡ ಫೈನಲ್‌ಗೆ ಹೋಗಿ ಸೋತಿತು. ಪ್ರಶಸ್ತಿ ಸಿಕ್ಕಿದ್ದು 2025ರಲ್ಲಿ. ಒಳ್ಳೆಯ ಗುರು ಬಂದರೂ ಕಾಲ ಹಿಡಿಯುತ್ತದೆ. ಆ ಕಾಲದವರೆಗೆ ತಂಡ ಒಡೆಯದೆ ಉಳಿಯಬೇಕು.

ತಾಯಂದಿರು ಕೇಳಿದ ಪ್ರಶ್ನೆಗಳು

"ಬೇರೆ ಊರಿಗೆ ಪಂದ್ಯಕ್ಕೆ ಹೋದ್ರೆ ಜೊತೆಗೆ ಯಾರು ಇರ್ತಾರೆ?"

"ನಾನಿರ್ತೀನಿ. ನನ್ನ ಫೋನ್ ನಂಬರ್ ಬರ್ಕೊಳ್ಳಿ. ಎಲ್ಲಿ ಉಳಿಯೋದು, ಯಾವಾಗ ವಾಪಸ್ ಬರೋದು, ಎಲ್ಲ ಕಾಗದದಲ್ಲಿ ಬರೆದು ಕಳಿಸ್ತೀನಿ."

"ಯಾರಾದ್ರೂ ಕೆಟ್ಟದಾಗಿ ನಡ್ಕೊಂಡ್ರೆ? ಮೇಷ್ಟ್ರೇ ಆಗಿರಲಿ, ಯಾರೇ ಆಗಿರಲಿ?"

"ಸರಿಯಾದ ಪ್ರಶ್ನೆ ಕೇಳಿದ್ರಿ. ಲೈಂಗಿಕ ಕಿರುಕುಳ ತಡೆಯೋಕೆ 2013ರ ಕಾಯ್ದೆ ಇದೆ. ಪ್ರತಿ ಕಾಲೇಜಿನಲ್ಲೂ ದೂರು ಕೇಳೋ ಆಂತರಿಕ ಸಮಿತಿ ಇರಲೇಬೇಕು. ನನ್ನ ಮೇಲೇ ದೂರು ಇದ್ರೂ ಅಲ್ಲಿ ಕೊಡಬಹುದು. ಅಪಾಯ ಅನ್ನಿಸಿದ್ರೆ 112ಕ್ಕೆ ಫೋನ್ ಮಾಡಿ."

"ಮುಟ್ಟಾದಾಗ ಆಡಬಹುದಾ?"

"ಮೈಗೆ ಆಗೋದಾದ್ರೆ ಆಡಬಹುದು. ನೋವಿದ್ರೆ ಕೂರಬಹುದು. ಹೇಳೋಕೆ ನಾಚಿಕೆ ಬೇಡ."

"ಆಡಿದ್ರೆ ಏನು ಸಿಗುತ್ತೆ?"

ಮೇಡಂ ಸುಳ್ಳು ಆಸೆ ಹುಟ್ಟಿಸಲಿಲ್ಲ. "ಎಲ್ಲರಿಗೂ ಕೆಲಸ ಸಿಗುತ್ತೆ ಅಂತ ಹೇಳಲ್ಲ. ರೈಲ್ವೆಯಂಥ ಕಡೆ ಕ್ರೀಡಾಪಟುಗಳಿಗೆ ಕೆಲಸ ಕೊಡ್ತಾರೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆ ಹಳ್ಳಿಯ ಮಮತಾ ಪೂಜಾರಿ ಕಬಡ್ಡಿ ಆಡಿದ್ರು. 2010, 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ರು. ಅರ್ಜುನ ಪ್ರಶಸ್ತಿ ಬಂತು. ಅಷ್ಟು ಎತ್ತರಕ್ಕೆ ಹೋಗೋರು ಕಡಿಮೆ. ಆದ್ರೆ ಮೈ ಗಟ್ಟಿಯಾಗುತ್ತೆ. ನಾಲ್ಕು ಜನರ ಮುಂದೆ ನಿಲ್ಲೋ ಧೈರ್ಯ ಬರುತ್ತೆ. ಅದು ಎಲ್ಲರಿಗೂ ಸಿಗುತ್ತೆ."

ಆಮೇಲೆ ಮೇಡಂ ತಾಯಂದಿರನ್ನೇ ಅಂಕಣಕ್ಕೆ ಕರೆದರು. ಎರಡು ಕೈ ಜೋಡಿಸಿ, ಮೊಣಕೈ ನೆಟ್ಟಗೆ ಇಟ್ಟು, ಮಂಡಿ ಬಗ್ಗಿಸಿ ನಿಲ್ಲುವುದನ್ನು ತೋರಿಸಿದರು. ಸೊಪ್ಪು ಮಾರುವ ತಾಯಿ ಸೆರಗು ಸಿಗಿಸಿಕೊಂಡು ನಿಂತಳು. ಮೊದಲನೆಯ ಚೆಂಡು ಪಕ್ಕಕ್ಕೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಮುಂಗೈಗೆ ಬಡಿದು ನೇರ ಮೇಲಕ್ಕೆ ಎದ್ದಿತು. "ಅಮ್ಮಾ!" ಎಂದು ಮಗಳು ಕೂಗಿದಳು. ಎಲ್ಲರೂ ನಕ್ಕರು.

ಅವತ್ತು ರಾತ್ರಿ ತಾಯಿ ಗಂಡನಿಗೆ ಹೇಳಿದಳು: "ವಾರದಲ್ಲಿ ನಾಲ್ಕು ಸಂಜೆ ನೀರು ನೀವು ಹಿಡೀರಿ. ಪಾತ್ರೆ ನಾನು ನೋಡ್ಕೋತೀನಿ. ಅವಳು ಆಡ್ಲಿ." ಅವನು ಗೊಣಗಿದ. ಆದರೂ ಮರುದಿನ ಬಿಂದಿಗೆ ಎತ್ತಿಕೊಂಡ. ತಾಯಿ ಕಾಗದದ ಕೆಳಗೆ ತನ್ನ ಹೆಸರು ಬರೆದಳು.

ಪಂದ್ಯದ ದಿನ

ಮೂರು ತಿಂಗಳು ಮೇಡಂ ಹುಡುಗಿಯರಿಗೆ ಹೆಚ್ಚಾಗಿ ಕಲಿಸಿದ್ದು ಮೊದಲನೆಯ ಮುಟ್ಟು. ಬಂದ ಚೆಂಡನ್ನು ಎತ್ತುವುದು. ಹೊಡೆಯುವ ಆಸೆ ಎಲ್ಲರಿಗೂ ಇತ್ತು. "ಮೊದಲು ಎತ್ತಿ, ಆಮೇಲೆ ಹೊಡೀರಿ" ಎನ್ನುತ್ತಿದ್ದರು ಮೇಡಂ. ತಪ್ಪು ಮಾಡಿದವಳನ್ನು ಬೈಯುವ ಹಾಗಿರಲಿಲ್ಲ. ಪಕ್ಕದವಳು "ಇನ್ನೊಂದು, ಇನ್ನೊಂದು" ಎನ್ನಬೇಕಿತ್ತು.

ಮೊದಲ ಪಂದ್ಯ ಬಂತು. ತಾಯಿ ವ್ಯಾಪಾರ ಬೇಗ ಮುಗಿಸಿ ಬಂದಳು. ಮೂರು ಸೆಟ್‌ಗಳ ಪಂದ್ಯ. ಹಲಗೆಯ ಮೇಲಿನ ಅಂಕಗಳನ್ನು ತಾನೇ ಓದಿದಳು. ಮೊದಲ ಸೆಟ್ 19-25. ಸೋತರು. ಎರಡನೆಯದು 25-22. ಗೆದ್ದರು! ಕಳೆದ ವರ್ಷ ಒಂದು ಸೆಟ್ಟನ್ನೂ ಗೆದ್ದಿರಲಿಲ್ಲ. ಮೂರನೆಯದು 12-15. ಪಂದ್ಯ ಕೈ ತಪ್ಪಿತು.

ಹುಡುಗಿಯರು ಅತ್ತರು. ಮೇಡಂ ನೋಟ್‌ಬುಕ್ ತೆಗೆದು ಕೇಳಿದರು: "ಸೋಮವಾರ ಯಾರು ಯಾರು ಬರ್ತೀರಿ?"

ಸೋಮವಾರ 12 ಜನರೂ ಬಂದರು. ಬಿಟ್ಟುಹೋಗಿದ್ದ ಇಬ್ಬರು ಗೇಟಿನ ಹತ್ತಿರ ನಿಂತಿದ್ದರು. ಮೇಡಂ ಅವರನ್ನೂ ಒಳಗೆ ಕರೆದರು.

ಅಭ್ಯಾಸ

1. ಈ ಪದಗಳನ್ನು ಗಟ್ಟಿಯಾಗಿ ಓದಿ:
ಒಪ್ಪಿಗೆ, ಮೈದಾನ, ಪಂದ್ಯ, ತರಬೇತುದಾರಳು, ರಕ್ತಹೀನತೆ, ಆಂತರಿಕ ಸಮಿತಿ

2. ಉತ್ತರ ಹೇಳಿ:
ತಾಯಿ ಕಾಗದ ಓದದೆ ಯಾಕೆ ಸೈನ್ ಹಾಕಲಿಲ್ಲ?
ಮೇಡಂ ಮೊದಲ ವಾರ ಏನು ಮಾಡಿದರು?
2013ರಲ್ಲಿ ಲಾಂಗ್ ಪಿಂಗ್ ತಂಡ ಏಷ್ಯಾದಲ್ಲಿ ಎಷ್ಟನೇ ಸ್ಥಾನ ಪಡೆಯಿತು?

3. ಲೆಕ್ಕ ಮಾಡಿ:
ವಾರಕ್ಕೆ 4 ದಿನ, ದಿನಕ್ಕೆ 2 ಗಂಟೆ ಅಭ್ಯಾಸ. ವಾರಕ್ಕೆ ಒಟ್ಟು ಎಷ್ಟು ಗಂಟೆ?
ಮೂರು ಸೆಟ್‌ಗಳಲ್ಲಿ ನಮ್ಮ ಹುಡುಗಿಯರು ಪಡೆದ ಅಂಕ 19, 25, 12. ಒಟ್ಟು ಎಷ್ಟು?

4. ಕೂತು ಮಾತಾಡಿ:
ನೀವು ಹುಡುಗಿಯಾಗಿದ್ದಾಗ ಯಾವ ಆಟ ಆಡುತ್ತಿದ್ದಿರಿ? ಯಾವಾಗ ಬಿಟ್ಟಿರಿ? ಯಾರು ಬಿಡಿಸಿದರು?
ನಿಮ್ಮ ಮನೆಯಲ್ಲಿ ಸಂಜೆಯ ಕೆಲಸವನ್ನು ಯಾರು ಯಾರು ಮಾಡುತ್ತಾರೆ?

5. ಬರೆಯಿರಿ:
ಮಗಳ ಮೇಡಂಗೆ ಮೂರು ಸಾಲಿನ ಪತ್ರ ಬರೆಯಿರಿ. ಒಂದು ಪ್ರಶ್ನೆ ಕೇಳಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.