ಅಜ್ಜ ಮಾತು ಬಿಟ್ಟಿದ್ದರೆ ಕಿವಿ ತೋರಿಸು

ಮಗೂ, ನಿಮ್ಮಜ್ಜ ಈಗೀಗ ಕರೆದರೂ ಓಗೊಡುವುದಿಲ್ಲ, ಸಂಜೆ ಕಟ್ಟೆಗೂ ಹೋಗುವುದಿಲ್ಲ, ಸುಮ್ಮನೆ ಕೂತಿರುತ್ತಾರೆ ಅಂದೆಯಲ್ಲ. ಅರಳುಮರಳು ಅಂತ ಮನೆಯವರು ತೀರ್ಮಾನಿಸಿದ್ದಾರಂತೆ. ಅದನ್ನು ಒಪ್ಪುವ ಮುಂಚೆ ಅವರ ಕಿವಿ ತೋರಿಸು.

ವಯಸ್ಸಿನ ಕಿವುಡು ಒಂದೇ ಸಲ ಬರುವುದಿಲ್ಲ. (ಒಂದೇ ದಿನದಲ್ಲಿ ಕೇಳಿಸದೆ ಹೋದರೆ ಅದು ಬೇರೆ, ಅವತ್ತೇ ಆಸ್ಪತ್ರೆಗೆ ಓಡಬೇಕು.) ಮೊದಲು ಹೋಗುವುದು ಕೀರಲು ಸದ್ದು. ಹೆಂಗಸರ, ಮಕ್ಕಳ ದನಿ, ಸ, ಶ, ಫ ಥರದ ಅಕ್ಷರ ತಪ್ಪಿಹೋಗುತ್ತವೆ. ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನಂದರೋ ತಿಳಿಯುವುದಿಲ್ಲ. ಒಬ್ಬರೇ ಎದುರು ಕೂತು ಹೇಳಿದರೆ ಸರಿ, ಟಿವಿ, ಮಿಕ್ಸಿ, ನಾಲ್ಕು ಜನರ ಗಲಾಟೆ ಸೇರಿದರೆ ಮುಗಿಯಿತು. 'ಇವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ' ಅನ್ನುತ್ತಾರಲ್ಲ, ಎಷ್ಟು ಅನ್ಯಾಯದ ಮಾತು ಅದು!

ಮದುವೆಮನೆಯೊಂದರಲ್ಲಿ ಕಂಡಿದ್ದು ಹೇಳುತ್ತೇನೆ. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರಿಗೆ ಮೊಮ್ಮಗಳು, 'ತಾತ, ಪಾಯಸ ಹಾಕ್ಲಾ?' ಅಂದಳು. 'ರಾತ್ರಿ ಬಸ್ಸಿಗೇ ಹೊರಡ್ತೀನಮ್ಮ' ಅಂದರು ಅವರು. ಸುತ್ತಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ಆಮೇಲೆ ಊಟ ಮುಗಿಯುವವರೆಗೆ ಯಾರು ಏನು ಕೇಳಿದರೂ 'ಹ್ಞೂಂ' ಬಿಟ್ಟು ಬೇರೆ ಮಾತಿಲ್ಲ, ಎಲೆಯಿಂದ ತಲೆ ಎತ್ತಲಿಲ್ಲ. ಹೀಗೇ ಜನ ಮೊದಲು ಹರಟೆ ಬಿಡುತ್ತಾರೆ, ಆಮೇಲೆ ಫೋನು, ಆಮೇಲೆ ನೆಂಟರ ಮನೆ. ಈ ಒಂಟಿತನ ಮನಸ್ಸಿಗಷ್ಟೇ ನಿಲ್ಲುವುದಿಲ್ಲ. ಮರೆವಿನ ಕಾಯಿಲೆ ಕುರಿತು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರ ವರದಿಯಲ್ಲಿ ಹೆಸರಿಸಿದ, ತಿದ್ದಿಕೊಳ್ಳಬಹುದಾದ 14 ಕಾರಣಗಳಲ್ಲಿ ಕಿವುಡುತನ, ದೃಷ್ಟಿದೋಷ, ಜನರೊಂದಿಗೆ ಬೆರೆಯದಿರುವುದು ಮೂರೂ ಇವೆ.

ಕಿವಿ, ಮೂಗು, ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ, ತೆಗೆಸಿದರೆ ಆಯಿತು. ಮನೆಯಲ್ಲೇ ಹೇರ್‌ಪಿನ್ ಹಾಕುವುದು, ಎಣ್ಣೆ ಕಾಯಿಸಿ ಬಿಡುವುದು ಬೇಡ. ಗುಗ್ಗೆ ಅಲ್ಲದಿದ್ದರೆ ಆಡಿಯೋಗ್ರಾಂ, ಅಂದರೆ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸು. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಷೀನು ಹಾಕಿಸಬೇಕು ಅಂದರೆ, ಬಿಪಿಎಲ್ ಕುಟುಂಬದ 60 ದಾಟಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕಿವಿಯ ಮಷೀನು ಉಚಿತವಾಗಿ ಸಿಗುತ್ತದೆ. ವಿಚಾರಿಸಲು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡು.

ಮಷೀನು ತಂದುಕೊಟ್ಟ ಮಾತ್ರಕ್ಕೆ ನಿನ್ನ ಕೆಲಸ ಮುಗಿಯಲಿಲ್ಲ. ಶುರುವಿನ ವಾರಗಳಲ್ಲಿ ಫ್ಯಾನು, ಪಾತ್ರೆ, ತಮ್ಮದೇ ಚಪ್ಪಲಿಯ ಸದ್ದು ಕೂಡ ತಲೆ ಕೊರೆಯುತ್ತದೆ. ಎಷ್ಟೋ ಜನ ಅದನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಡುವುದು ಆಗಲೇ. ಗಲಾಟೆಯಿಲ್ಲದ ಕೋಣೆಯಲ್ಲಿ, ದಿನಕ್ಕೆ ಒಂದೆರಡು ಗಂಟೆ, ಜೊತೆಗೆ ಕೂತು ರೂಢಿ ಮಾಡಿಸು. ಸದ್ದು ಹೊಂದಿಸಲು ಮತ್ತೆ ಕರೆದೊಯ್ಯಬೇಕಾಗುತ್ತದೆ, ಬೇಸರಪಡಬೇಡ. ಗುಂಡಿಯಷ್ಟು ಚಿಕ್ಕ ಬ್ಯಾಟರಿ ನಡುಗುವ ಬೆರಳಿಗೆ ಸಿಗುವುದಿಲ್ಲ, ಅದನ್ನು ನೀನೇ ಹಾಕಿಕೊಡು.

ಮಾತಾಡುವಾಗ ಕಿರುಚಬೇಡ. ಟಿವಿ ಆರಿಸಿ, ಮುಖ ಕಾಣುವಂತೆ ಕೂತು, ನಿಧಾನವಾಗಿ ಹೇಳು. ತಿಳಿಯದಿದ್ದರೆ ಬೇರೆ ಮಾತಿನಲ್ಲಿ ಹೇಳು. 'ಏನಿಲ್ಲ ಬಿಡಿ' ಅಂತ ಮಾತ್ರ ಅನ್ನಬೇಡ. ನಮ್ಮ ವಯಸ್ಸಿನವರಿಗೆ ಅದರಷ್ಟು ನೋಯಿಸುವ ಮಾತು ಇನ್ನೊಂದಿಲ್ಲ. ಕಿವಿ ಒಂದು ಹದಕ್ಕೆ ಬಂದ ಮೇಲೆ ಕಟ್ಟೆಯ ತನಕ ನೀನೇ ಜೊತೆಗೆ ಹೋಗಿ, ಹಳೆಯ ಗೆಳೆಯರ ನಡುವೆ ಅರ್ಧ ಗಂಟೆ ಕೂತು ಬಾ.

ಶನಿವಾರ ರಜೆ ಅಂದೆಯಲ್ಲ, ಅವತ್ತೇ ಡಾಕ್ಟರಿಗೆ ತೋರಿಸು.